ಕುದುರೆಲಾಳದ ಕೊಳ, ಕೊಪ್ಪಳದ ತಗ್ಗು

ಕೊಪ್ಪಳದ ಓದುಗರಿಗೆ,

60 ಮನೆಗಳ ನಿಮ್ಮ ಬಡಾವಣೆಯಲ್ಲಿ ಉದ್ಯಾನಕ್ಕೆಂದು 20 ಗುಂಟೆ ಉಳಿದಿದೆ. ಬರ್ಲಿನ್ನಿನ ಕುದುರೆಲಾಳ ಬಡಾವಣೆಯ ಚಿತ್ರ ನೋಡಿದ ಸಂಘದವರು ಅಲ್ಲಿಯ ಹಾಗೇ ನಡುವೆ ಕೊಳ, ಸುತ್ತ ಹುಲ್ಲುಹಾಸು ಮಾಡಿಸಬೇಕು ಎನ್ನುತ್ತಿದ್ದಾರೆ. ಒಂದು ಬೋರ್‌ವೆಲ್ ಸಾಲುತ್ತದೆಯೇ ಎಂದು ಕೇಳಿದ್ದೀರಿ. ಸಾಲುವುದಿಲ್ಲ. ಹಾಗೆಂದು ಆ ಚಿತ್ರವನ್ನು ಎತ್ತಿಡಬೇಡಿ, ಅದರಿಂದ ಕಲಿಯುವುದು ಬಹಳ ಇದೆ.

ಆ ಬಡಾವಣೆಯ ವಾಸ್ತುಶಿಲ್ಪಿಗಳಾದ ಬ್ರೂನೋ ಟೌಟ್ ಮತ್ತು ಮಾರ್ಟಿನ್ ವಾಗ್ನರ್ 1925ರಲ್ಲಿ ಬರ್ಲಿನ್ನಿನ ಬ್ರಿಟ್ಜ್ ಎಂಬ ಭಾಗದಲ್ಲಿ ಕೆಲಸ ಹಿಡಿದಾಗ ಕೊಳ ಅಗೆಸಲಿಲ್ಲ. ಹಿಮಯುಗ ಬಿಟ್ಟುಹೋದ ತಗ್ಗೊಂದು ಅಲ್ಲಿ ಮೊದಲೇ ಇತ್ತು. ಅವರು ಅದಕ್ಕೆ ಮಣ್ಣು ತುಂಬದೆ, ಮನೆಗಳ ಸಾಲನ್ನೇ ಅದರ ಸುತ್ತ ಬಾಗಿಸಿದರು. ಹಸಿರಿನ ಯೋಜನೆಯಲ್ಲಿ ಕೈಯಿದ್ದ ಲೆಬೆರೆಖ್ಟ್ ಮಿಗ್ಗೆಗೆ ತೋಟವೆಂದರೆ ಮೊದಲು ತರಕಾರಿ ಬೆಳೆಯುವ ಹಿತ್ತಿಲು. ಅಡುಗೆಮನೆಯ ಕಸ ಗೊಬ್ಬರವಾಗಿ ಅಲ್ಲೇ ಮಣ್ಣಿಗೆ ಸೇರಬೇಕು. 2008ರಲ್ಲಿ ಯುನೆಸ್ಕೊ ಬರ್ಲಿನ್ನಿನ ಇಂಥ ಆರು ಬಡಾವಣೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಳೆಯ ಲೆಕ್ಕದಲ್ಲಿ ಬರ್ಲಿನ್ ನಮಗಿಂತ ಶ್ರೀಮಂತವೇನಲ್ಲ. ಅಲ್ಲಿಯೂ ಇಲ್ಲಿಯೂ ವರ್ಷಕ್ಕೆ 600 ಮಿ.ಮೀ. ಆಸುಪಾಸು. ವ್ಯತ್ಯಾಸ ಇರುವುದು ಬಿಸಿಲಲ್ಲಿ. ನಮ್ಮ ಕಡೆ ತೆರೆದ ನೀರು ವರ್ಷಕ್ಕೆ ಸುಮಾರು 2 ಮೀಟರ್ ಆವಿಯಾಗುತ್ತದೆ. ಅಲ್ಲಿ ಅದರ ಅರ್ಧವೂ ಇಲ್ಲ. 5 ಗುಂಟೆಯ, ಅಂದರೆ 500 ಚದರ ಮೀಟರಿನ ಕೊಳ ಮಾಡಿದರೆ, ಅದರ ಮೇಲೆ ಬಿದ್ದ ಮಳೆ ಕಳೆದು ವರ್ಷಕ್ಕೆ 7 ಲಕ್ಷ ಲೀಟರ್ ಹೊರಗಿನಿಂದ ತುಂಬಬೇಕು. ಇಂಗಿಹೋಗುವುದು ಬೇರೆ. ಹುಲ್ಲುಹಾಸಿಗೆ ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಹಿಡಿಯಿರಿ: 10 ಗುಂಟೆಗೆ ದಿನಾ 5,000 ಲೀಟರ್. ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಊರಿನಲ್ಲಿ ಇದು ತಪ್ಪು ಎಂದೇ ನಮ್ಮ ಅಭಿಪ್ರಾಯ.

ಕೊಳದ ಬದಲು ಒಣ ತಗ್ಗು ಮಾಡಿ. 60 ಛಾವಣಿ, ತಲಾ 80 ಚದರ ಮೀಟರ್ ಎಂದರೆ 4,800 ಚದರ ಮೀಟರ್. 25 ಮಿ.ಮೀ.ನ ಒಂದು ಮಳೆಯಲ್ಲಿ ನೂರಕ್ಕೆ ಎಂಬತ್ತರಷ್ಟು ಹರಿದು ಬಂದರೂ 96,000 ಲೀಟರ್. ಅದೇ 5 ಗುಂಟೆಯನ್ನು 30 ಸೆಂ.ಮೀ. ತಗ್ಗಿಸಿದರೆ ಒಂದೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಮಳೆಗಾಲದಲ್ಲಿ ಎರಡು ದಿನ ನೀರು, ಉಳಿದ ದಿನ ಮಕ್ಕಳ ಆಟದ ಬಯಲು.

ಜಾಗವನ್ನು ನಕ್ಷೆ ನೋಡಿ ಆರಿಸಬೇಡಿ. ಜೋರು ಮಳೆ ಬಂದಾಗ ಕೊಡೆ ಹಿಡಿದು ಹೋಗಿ, ನೀರು ತಾನಾಗಿ ಎಲ್ಲಿ ಸೇರುತ್ತದೆ ನೋಡಿ. ಅಲ್ಲಿ ಒಂದಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ನೀರು ತುಂಬಿಸಿ. ಮರುದಿನ ಮತ್ತೆ ತುಂಬಿಸಿ ಅಳೆಯಿರಿ. ಗಂಟೆಗೆ 1 ಸೆಂ.ಮೀ. ಇಳಿದರೆ ಸಾಕು. ಮಸಾರಿ ನೆಲವಾದರೆ ಸಾಮಾನ್ಯವಾಗಿ ಇಳಿಯುತ್ತದೆ. ಎರೆಮಣ್ಣಾದರೆ ಒದ್ದೆಯಾದೊಡನೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಗ ಗರಸು ಸಿಗುವವರೆಗೆ ಎರಡು ಮೂರು ಕಡೆ ಅಗೆದು ಕಲ್ಲು, ಖಡಿ, ಮೇಲೆ ಉಸುಕು ತುಂಬಬೇಕು. ಎರೆಯಲ್ಲಿ ಈ ಗುಂಡಿಗಳು ಮನೆಯ ಪಾಯದಿಂದ ಕನಿಷ್ಠ 5 ಮೀಟರ್ ದೂರವಿರಲಿ. ಮಣ್ಣು ಉಬ್ಬಿ ಕುಗ್ಗಿದಂತೆಲ್ಲ ಗೋಡೆ ಬಿರಿಯುತ್ತದೆ.

ಇಂಥ ಕೆಲಸ ಹೆಚ್ಚಾಗಿ ಕೆಡುವುದು ಹೂಳಿನಿಂದ. ಚಂಡೀಗಢದ ಸುಖ್ನಾ ಕೆರೆಯೇ ಸಾಕ್ಷಿ. ಹೊಸ ನಗರಕ್ಕೆಂದು 1958ರಲ್ಲಿ ಮಳೆಗಾಲದ ಹಳ್ಳಕ್ಕೆ ಅಡ್ಡ ಕಟ್ಟಿದ ಆ ಕೆರೆಗೆ ಮೇಲಿನ ಗುಡ್ಡದ ಮಣ್ಣು ಬಂದು ತುಂಬತೊಡಗಿತು. ಗುಡ್ಡದಲ್ಲಿ ಗಿಡ ನೆಟ್ಟು, ಚೆಕ್‌ಡ್ಯಾಂ ಕಟ್ಟಬೇಕಾಯಿತು. ನಿಮ್ಮಲ್ಲಿ ನೀರು ಒಳಬರುವ ಬಾಯಿಗೆ ಒಂದು ಮೀಟರ್ ಚೌಕದ, ಅಷ್ಟೇ ಆಳದ ಹೂಳುಗುಂಡಿ ಸಾಕು. 30 ಸೆಂ.ಮೀ. ಮಟ್ಟದಲ್ಲಿ ಕೋಡಿ ಬಿಟ್ಟು ಮಳೆನೀರಿನ ಚರಂಡಿಗೆ ಸೇರಿಸಿ. ಬಚ್ಚಲ ನೀರಿನ ಒಂದು ಪೈಪು ಕೂಡ ಇದಕ್ಕೆ ಸೇರಬಾರದು. ಮೂರು ದಿನ ಕಳೆದರೂ ನೀರು ನಿಂತಿದ್ದರೆ ತಳದ ಮಣ್ಣು ಕಟ್ಟಿಕೊಂಡಿದೆ ಎಂದರ್ಥ. ಒಣಗಿದ ಮೇಲೆ ಕೆರೆದು ಸಡಿಲಿಸಿ. ವಾರದವರೆಗೆ ಬಿಟ್ಟರೆ ಸೊಳ್ಳೆಮರಿ ರೆಕ್ಕೆ ಬಿಚ್ಚುತ್ತದೆ.

ಇನ್ನು ಮರ. ಬರ್ಲಿನ್ನಿನವರು ಮನೆಯೊಳಗೆ ಬಿಸಿಲು ಬರಲೆಂದು ಸಾಲುಗಳ ನಡುವೆ ಬಯಲು ಬಿಟ್ಟರು. ನಮಗೆ ಬೇಕಾದದ್ದು ಅದರ ತಿರುಗುಮುರುಗು. ರಸ್ತೆಯ ಮತ್ತು ಮನೆಯ ಪಡುವಣ ಬದಿಗೆ 8 ಮೀಟರಿಗೊಂದು ಬೇವು, 6 ಮೀಟರಿಗೊಂದು ಹೊಂಗೆ ಹಾಕಿ. ಗುಲ್‌ಮೊಹರ್ ಕೊಂಬೆ ಗಾಳಿಗೆ ಮುರಿಯುತ್ತದೆ, ನಡೆದಾಡುವಲ್ಲಿ ಬೇಡ. ಗಟ್ಟಿ ಗರಸಿನಲ್ಲಿ ಗುಂಡಿ ಮೂರಡಿಗೆ ಕಡಿಮೆ ಬೇಡ. ಒಂದೂವರೆ ಅಡಿಯಲ್ಲಿ ನಿಲ್ಲಿಸಿದರೆ ಬೇರು ಕುಂಡದಲ್ಲಿದ್ದ ಹಾಗೆ ಸುತ್ತಿಕೊಳ್ಳುತ್ತದೆ. ಮೊದಲ ಎರಡು ಬೇಸಿಗೆ ಗಿಡಕ್ಕೆ ವಾರಕ್ಕೆರಡು ಸಲ 20 ಲೀಟರ್. 40 ಗಿಡಕ್ಕೆ ವಾರಕ್ಕೆ 1,600 ಲೀಟರ್ ಆಯಿತು, ಆ ಹುಲ್ಲುಹಾಸಿನ ಅರ್ಧ ದಿನದ ಖರ್ಚೂ ಅಲ್ಲ. ಬುಡಕ್ಕೆ ನಾಲ್ಕು ಬೆರಳು ದಪ್ಪ ಗಂಗಾವತಿಯ ಭತ್ತದ ಹೊಟ್ಟು ಹರಡಿ. ಎರೆ ಬಿರುಕು ಬಿಟ್ಟು ಎಳೆಬೇರು ಹರಿಯುವುದು ತಪ್ಪುತ್ತದೆ.

ಹೂಳುಗುಂಡಿಯನ್ನು ವರ್ಷಕ್ಕೆ ಎರಡು ಸಲ ತೆಗೆಸಿ, ಮೇ ಕೊನೆಗೊಮ್ಮೆ, ಆಗಸ್ಟಿನಲ್ಲೊಮ್ಮೆ. ಆ ಕೂಲಿಯನ್ನು ಈಗಲೇ ಸಂಘದ ವಾರ್ಷಿಕ ವಂತಿಗೆಯಲ್ಲಿ ಸೇರಿಸಿಡಿ.