ಉತ್ತರಮೇರೂರಿನ ಶಾಸನ ಇರುವುದು ಯಾವ ಗುಡಿಯಲ್ಲಿ?

ಉತ್ತರಮೇರೂರಿನ ಚುನಾವಣಾ ಶಾಸನ ಯಾವ ಗುಡಿಯಲ್ಲಿದೆ, ಅಂದು ಎಲ್ಲರಿಗೂ ಮತವಿತ್ತೇ ಎಂದು ಕೇಳಿದ್ದೀರಿ. ಕಾಂಚೀಪುರಂ ಜಿಲ್ಲೆಯ ಈ ಊರಿಗೆ ಹೋದವರು ಮೂರು ಅಂತಸ್ತಿನ ಸುಂದರವರದ ಪೆರುಮಾಳ್ ಗುಡಿಯನ್ನು ನೋಡಿ ಮರಳುವುದೇ ಹೆಚ್ಚು. ಆದರೆ ಪರಾಂತಕ ಚೋಳನ ಕಾಲದ, ಸುಮಾರು ಕ್ರಿ.ಶ. 919 ಮತ್ತು 921ರ ಆ ಎರಡು ಶಾಸನಗಳಿರುವುದು ಅದಕ್ಕಿಂತ ಚಿಕ್ಕದಾದ ವೈಕುಂಠ ಪೆರುಮಾಳ್ ಗುಡಿಯ ಗೋಡೆಯ ಮೇಲೆ.

ಆ ಶಾಸನಗಳು ಹೇಳುವ ಊರಸಭೆಯ ಸಮಿತಿಗಳ ಆಯ್ಕೆಯನ್ನು ಇಂದಿನ ಅರ್ಥದ ಮತದಾನ ಎನ್ನುವುದು ನನಗೆ ಸರಿಯೆನಿಸುವುದಿಲ್ಲ. ಮೂವತ್ತು ಕುಡುಂಬುಗಳಲ್ಲಿ, ಅಂದರೆ ವಾರ್ಡುಗಳಲ್ಲಿ, ಅರ್ಹರ ಹೆಸರುಗಳನ್ನು ಓಲೆಗರಿಯ ಮೇಲೆ ಬರೆದು ಕೊಡಕ್ಕೆ ಹಾಕಿ, ಏನೂ ಅರಿಯದ ಹುಡುಗನೊಬ್ಬನಿಂದ ಎತ್ತಿಸುತ್ತಿದ್ದರು. ಆ ಓಲೆಯನ್ನು ಮಧ್ಯಸ್ಥನು ಐದೂ ಬೆರಳು ಬಿಡಿಸಿದ ಅಂಗೈಯಲ್ಲೇ ಪಡೆದು ಓದಬೇಕಿತ್ತು. ಕೈಚಳಕಕ್ಕೆ ಎಡೆಯಿರಬಾರದೆಂಬ ಈ ಎಚ್ಚರಿಕೆ ನನಗೆ ಬಹಳ ಹಿಡಿಸಿದೆ. ಇದು ಬ್ರಾಹ್ಮಣರ ಅಗ್ರಹಾರದ ಸಭೆಯಾದ್ದರಿಂದ ತೆರಿಗೆ ಕಟ್ಟುವ ಜಮೀನು, ಸ್ವಂತ ನಿವೇಶನದ ಮನೆ, ವೇದಜ್ಞಾನ, 35ರಿಂದ 70ರೊಳಗಿನ ವಯಸ್ಸು ಇದ್ದವರಿಗಷ್ಟೇ ಅವಕಾಶವಿತ್ತು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಷ್ಟೇ ಅಲ್ಲ, ಅವನ ಹತ್ತಿರದ ನೆಂಟರೂ ಅನರ್ಹರಾಗುತ್ತಿದ್ದರು. ಹೀಗೆ ಆರಿಸಲ್ಪಟ್ಟವರು ಕೆರೆ, ತೋಟ, ಚಿನ್ನದ ಪರೀಕ್ಷೆ ಮುಂತಾದ ಸಮಿತಿಗಳಲ್ಲಿ ಕೆಲಸ ಮಾಡುತ್ತಿದ್ದರು.