ಹಳೆಯ ಪೆಟ್ರೋಲ್ ಪಂಪ್‌ಸೆಟ್‌ನ ಆಯಿಲ್ ಡ್ರೇನ್ ಬೋಲ್ಟ್ ಜಪ್ಪಯ್ಯ ಅಂದರೂ ಬಿಚ್ಚುತ್ತಿಲ್ಲ, ಏನು ಮಾಡಲಿ?

ಐದು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಬಿಸಿ ಆರುವ ಮೊದಲೇ ಬಿಚ್ಚಿ. ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಡಿ, ಕೈಗೆ ಗ್ಲೌಸ್ ಇರಲಿ, ಆಯಿಲ್ ಸುಡುತ್ತದೆ.

ಬಿಸಿ ಯಾಕೆಂದರೆ, ಈ ಎಂಜಿನ್‌ಗಳ ಕೆಳಭಾಗ ಸಾಮಾನ್ಯವಾಗಿ ಅಲ್ಯೂಮಿನಿಯಂ, ಬೋಲ್ಟ್ ಉಕ್ಕಿನದು. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು 2 ಪಟ್ಟು ಹಿಗ್ಗುತ್ತದೆ. ಬೋಲ್ಟಿಗಿಂತ ತೂತು ಹೆಚ್ಚು ದೊಡ್ಡದಾಗಿ, ಥ್ರೆಡ್ ನಡುವೆ ಕಟ್ಟಿಕೊಂಡ ತುಕ್ಕು, ಬಿಳಿಪುಡಿಯ ಹಿಡಿತ ಸಡಿಲವಾಗುತ್ತದೆ. ಪೂರ್ತಿ ಎರಕದ ಕಬ್ಬಿಣದ ಹಳೇ ಡೀಸೆಲ್ ಎಂಜಿನ್ನಿಗೆ ಈ ಲೆಕ್ಕ ಅಷ್ಟಾಗಿ ನಡೆಯದು. ಅಲ್ಲಿ ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆಯಲ್ಲಿ ನೆನೆಸುವುದೇ ದಾರಿ.

ಬೋಲ್ಟ್ ಹಾಳಾಗುವುದು ಬಹುಪಾಲು ಸ್ಪ್ಯಾನರ್‌ನಿಂದ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್, ಅಡ್ಜಸ್ಟೆಬಲ್ ಎರಡೂ ಬೇಡ. ಆರು ಮೂಲೆಯ ಸಾಕೆಟ್ ಪೂರ್ತಿ ಕೂರಿಸಿ, ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಆಮೇಲೆ ಎಡಕ್ಕೆ ಒಂದೇ ಗಟ್ಟಿ ಜರ್ಕ್ ಕೊಡಿ. 'ಟಕ್' ಅಂದರೆ ಬಿಟ್ಟಿತು ಅಂತ. ಉದ್ದ ಪೈಪ್ ಹಾಕಿ ಜೋತು ಬೀಳಬೇಡಿ, ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತು ಬರುತ್ತದೆ. ಬೆಂಕಿಯ ಟಾರ್ಚಂತೂ ಪೆಟ್ರೋಲ್ ಟ್ಯಾಂಕಿನ ಹತ್ತಿರವೂ ಸುಳಿಯಬಾರದು.

ವಾಪಸ್ ಹಾಕುವಾಗ ಹೊಸ ವಾಷರ್ ಹಾಕಿ. ಹಳೆಯದು ಚಪ್ಪಟೆಯಾಗಿ ಸೋರುತ್ತದೆ, ಸೋರುತ್ತದೆಂದು ಜನ ಅತಿಯಾಗಿ ಬಿಗಿಯುತ್ತಾರೆ; ನಿಮ್ಮದೂ ಹೀಗೇ ಕಚ್ಚಿಕೊಂಡಿರಬಹುದು.