ಮೀನು ಅಂತ ಬರೆದಿತ್ತು, ಪುಟ್ಟಿ ನುಸ್ತೆ ಅಂತ ಓದಿದಳು

ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಹುಡುಗಿಯನ್ನು ಪುಟ್ಟಿ ಅಂತ ಕರೆಯುತ್ತೇನೆ.

ಕಾರವಾರದ ಹತ್ತಿರದ ಒಂದು ಮೀನುಗಾರರ ಕೇರಿ. ಪುಟ್ಟಿಗೆ 10 ವರ್ಷ, ಆಗಷ್ಟೇ ಐದನೇ ತರಗತಿ. ಅಪ್ಪ ಬೋಟಿಗೆ ಹೋಗುತ್ತಾರೆ. ತಾಯಿ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುತ್ತಾರೆ. ಮನೆಯಲ್ಲಿ ಮಾತು ಕೊಂಕಣಿ, ಶಾಲೆಯಲ್ಲಿ ಕನ್ನಡ. ಜೂನ್ ಎರಡನೇ ವಾರ, ಜೋರು ಮಳೆಯಲ್ಲಿ ತಾಯಿ ಮಗಳನ್ನು ಆಪ್ತ ಸಮಾಲೋಚನೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದರು.

ದೂರು ಹೊಟ್ಟೆನೋವು. ಬೆಳಿಗ್ಗೆ ಏಳುತ್ತಲೇ ಶುರು, ಶಾಲೆಯ ಗಂಟೆ ಹೊಡೆದು ಸ್ವಲ್ಪ ಹೊತ್ತಿಗೆ ಮಾಯ. ಭಾನುವಾರ ಇರುವುದಿಲ್ಲ. ಡಾಕ್ಟರು ಎರಡು ಸಲ ನೋಡಿ ಏನೂ ಇಲ್ಲ ಅಂದಿದ್ದರು.

"ಓದೋಕೆ ಬರೋದಿಲ್ಲ ಮೇಡಂ, ಅದಕ್ಕೇ ಈ ನಾಟಕ. ಟ್ಯೂಷನ್ನಿಗೆ ಹಾಕ್ಲಾ?" ಅಂತ ತಾಯಿ ಕೇಳಿದರು.

ಪುಟ್ಟಿ ಕೊಡೆಯ ತುದಿಯಿಂದ ನೆಲದ ನೀರಿನಲ್ಲಿ ಗೆರೆ ಎಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

ನಾನು ಮೊದಲು ಹೇಳಿದ್ದು ಇಷ್ಟೇ: "ಅಕ್ಕ, ಇದು ನಾಟಕ ಅಲ್ಲ. ಹೆದರಿಕೆ ಆದಾಗ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ದೊಡ್ಡವರಿಗೂ ಆಗ್ತದಲ್ವಾ?" ಆಗ ಪುಟ್ಟಿಯ ಕೊಡೆ ನಿಂತಿತು. ನೋವನ್ನು ನಂಬುವವರು ಒಬ್ಬರಿದ್ದಾರೆ ಅನ್ನುವುದು ಮಗುವಿಗೆ ಗೊತ್ತಾಗಬೇಕು. ಅದಿಲ್ಲದೆ ಮುಂದಿನ ಯಾವ ಮಾತೂ ನಡೆಯುವುದಿಲ್ಲ.

ಕಣ್ಣು, ಕಿವಿ ಪರೀಕ್ಷೆ ಮಾಡಿಸಿದೆವು. ಎರಡೂ ಸರಿ ಇದ್ದವು. ಆಮೇಲೆ ಓದು. ಜೋರಾಗಿ ಓದು ಅನ್ನಲಿಲ್ಲ. ಒಂದು ಪುಟ್ಟ ಕತೆ ಕೊಟ್ಟು, ಮನಸ್ಸಿನಲ್ಲೇ ಓದಿಕೊಂಡು ನಿನಗೆ ಬಂದ ಹಾಗೆ ಹೇಳು ಅಂದೆ. ಅರ್ಧ ಕೊಂಕಣಿ, ಅರ್ಧ ಕನ್ನಡದಲ್ಲಿ ಇಡೀ ಕತೆ ಹೇಳಿದಳು. ಒಂದು ಎಳೆಯೂ ತಪ್ಪಿರಲಿಲ್ಲ. ಪಿಸುದನಿಯಲ್ಲಿ ಓದಿಸಿದಾಗ ತಡೆದದ್ದು ಒತ್ತಕ್ಷರಗಳಲ್ಲಿ ಮಾತ್ರ.

ಒತ್ತಕ್ಷರದಲ್ಲಿ ತಡೆಯುವುದು ದೊಡ್ಡ ಕೊರತೆ ಏನಲ್ಲ. ವರ್ಣಮಾಲೆಯಲ್ಲಿ ಇರುವುದು 49 ಅಕ್ಷರ ನಿಜ. ಆದರೆ 34 ವ್ಯಂಜನಗಳ ಕಾಗುಣಿತ ಬರೆದು ನೋಡಿ, 400 ದಾಟುತ್ತದೆ. ಅದರ ಮೇಲೆ ಒತ್ತುಗಳು. ಮನೆಯಲ್ಲಿ ಕನ್ನಡವೇ ಆಡುವ ಎಷ್ಟೋ ಮಕ್ಕಳಿಗೂ ಇದು ಪೂರ್ತಿ ಕೈಗೆ ಹತ್ತಲು ನಾಲ್ಕೈದು ತರಗತಿ ಬೇಕಾಗುತ್ತದೆ. ಬೇರೆ ಭಾಷೆ ಆಡುವ ಮಗು ಅದರ ಜೊತೆಗೆ ಪದಗಳನ್ನೂ ಕಲಿಯಬೇಕು. ಇಷ್ಟನ್ನು ತಾಯಿಗೆ ಬಿಡಿಸಿ ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು.

ನಿಜವಾದ ವಿಷಯ ಬಂದದ್ದು ಮೂರನೇ ಭೇಟಿಯಲ್ಲಿ, ಚಿತ್ರ ಬರೆಯುತ್ತಾ ಕೂತಾಗ. ನಾಲ್ಕನೇ ತರಗತಿಯಲ್ಲಿದ್ದಾಗ ಒಂದು ದಿನ ಎದ್ದು ನಿಂತು ಪಾಠ ಓದಬೇಕಿತ್ತು. ಪುಸ್ತಕದಲ್ಲಿ 'ಮೀನು' ಅಂತ ಇತ್ತು. ಪುಟ್ಟಿ 'ನುಸ್ತೆ' ಅಂದಳು. ಇಡೀ ತರಗತಿ ನಕ್ಕಿತು. ಅಕ್ಕೋರು (ಟೀಚರು) "ಇಲ್ಲಿ ಕನ್ನಡ ಓದು, ಮನೆ ಮಾತು ಮನೇಲಿ" ಅಂದು ಕೂರಿಸಿದರು. ಕೆಲವು ಹುಡುಗರು ಇನ್ನೂ ಅವಳನ್ನು ನುಸ್ತೆ ಅಂತಲೇ ಕರೆಯುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. 'ಮೀನು' ಅನ್ನುವ ಎರಡು ಅಕ್ಷರ ನೋಡಿ ಕೊಂಕಣಿಯಲ್ಲಿ ಮೀನಿಗೆ ಏನು ಹೇಳುತ್ತಾರೋ ಅದೇ ಪದ ಬಾಯಿಗೆ ಬಂತು ಅಂದರೆ ಏನರ್ಥ? ಅವಳು ಅಕ್ಷರ ಓದಿದ್ದಳು, ಅರ್ಥವೂ ಹೊಳೆದಿತ್ತು. ಸುಮ್ನೆ ಉರು ಹೊಡೆಯುವ ಮಗು ಈ ತಪ್ಪು ಮಾಡುವುದೇ ಇಲ್ಲ. ಓದು ಬರುತ್ತದೆ ಅನ್ನುವುದಕ್ಕೆ ಸಾಕ್ಷಿಯಾಗಿದ್ದ ಪದವೇ ಅವಳ ಅಡ್ಡಹೆಸರಾಗಿಬಿಟ್ಟಿತು. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಹಾಗಾಗಿ ಟ್ಯೂಷನ್ ಬೇಡ ಅಂದೆ. ನಿನಗೆ ಬರುವುದಿಲ್ಲ ಅನ್ನುವ ಮಾತನ್ನೇ ಅದು ಸಂಜೆಗೂ ಎಳೆಯುತ್ತದೆ. ಈ ಮಗುವಿಗೆ ಬೇಕಾದದ್ದು ಅವಳ ಎರಡೂ ಮಾತು ಕೆಲಸಕ್ಕೆ ಬರುವ ಒಂದು ಜಾಗ.

ಅಂಥ ಜಾಗ ಹತ್ತಿರದಲ್ಲೇ ಇತ್ತು, ಗ್ರಾಮ ಪಂಚಾಯಿತಿ ಗ್ರಂಥಾಲಯ. ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಶನಿವಾರ ಮಧ್ಯಾಹ್ನ ಒಂದಷ್ಟು ಮಕ್ಕಳು ಸೇರಿ ಓದುತ್ತಿದ್ದರು. ಮೇಲ್ವಿಚಾರಕಿಯ ಹತ್ತಿರ ಒಂದೇ ಕೋರಿಕೆ ಇಟ್ಟೆ: ಅವಳನ್ನು ಓದಿಸಬೇಡಿ, ಹೊಗಳಲೂ ಬೇಡಿ, ಒಂದು ಕೆಲಸ ಕೊಡಿ.

ಮೊದಲ ಶನಿವಾರ ಪುಟ್ಟಿ ಒಳಗೆ ಹೋಗಲಿಲ್ಲ. ಚಪ್ಪಲಿಗಳ ಪಕ್ಕ ಜಗುಲಿಯಲ್ಲಿ ಕೂತಿದ್ದಳು. ಎರಡನೇ ವಾರ ಮೇಲ್ವಿಚಾರಕಿ ಸೀಲು ಮತ್ತು ಶಾಯಿ ಪ್ಯಾಡನ್ನು ಅಲ್ಲಿಗೇ ತಂದುಕೊಟ್ಟರು. ಹೊಸ ಪುಸ್ತಕಗಳಿಗೆ ಸೀಲು ಒತ್ತುವುದು, ಯಾರು ಯಾವ ಪುಸ್ತಕ ಒಯ್ದರು ಅಂತ ವಹಿಯಲ್ಲಿ ಬರೆಯುವುದು. ಹೆಸರು ಬರೆಯಬೇಕಾದರೆ ಮಕ್ಕಳನ್ನು ಕೇಳಲೇಬೇಕು, ಪುಸ್ತಕದ ಹೆಸರು ಓದಲೇಬೇಕು. ಮೂರನೇ ವಾರ ತಾನಾಗಿಯೇ ಒಳಗಿನ ಮೇಜಿಗೆ ಬಂದಳು. ಮಳೆ ನೀರಿಗೆ ವಹಿ ಒದ್ದೆಯಾಗುತ್ತದೆ ಅಂತ ಕಾರಣ ಹೇಳಿದಳಂತೆ.

ತಾಯಿಯ ಚಿಂತೆ ಬೇರೆ. "ನನಗೇ ಅಕ್ಷರ ಸರಿ ಬರೋದಿಲ್ಲ, ಇವಳಿಗೆ ಏನು ಓದಿಸ್ಲಿ?" ಓದಿಸುವುದು ಬೇಡ, ಕೇಳಿ ಸಾಕು ಅಂದೆ. ರಾತ್ರಿ ಹತ್ತು ನಿಮಿಷ ಪಕ್ಕದಲ್ಲಿ ಕೂತುಕೊಳ್ಳಿ. ಅವಳು ಓದಿ ನಿಮಗೆ ಕೊಂಕಣಿಯಲ್ಲಿ ಹೇಳಲಿ. ತಡೆದರೆ ಮನಸ್ಸಿನಲ್ಲಿ ಐದು ಎಣಿಸಿ, ಆಗಲೂ ಬರದಿದ್ದರೆ ಆ ಪದ ಬಿಟ್ಟು ಮುಂದೆ ಹೋಗಲಿ. ಸಂಘದ ಪಾಸ್‌ಬುಕ್ಕನ್ನು ಅವಳ ಕೈಯಲ್ಲೇ ಓದಿಸಿಕೊಳ್ಳಿ, ನಿಮಗೂ ಅದು ಬೇಕಲ್ವಾ?

ತಾಯಿಯ ಒಪ್ಪಿಗೆಯಿಂದ ಅಕ್ಕೋರ ಜೊತೆಗೂ ಮಾತಾಡಿದೆ. ಅವರಿಗೆ ಆ ದಿನ ನೆನಪೇ ಇರಲಿಲ್ಲ. ಕೇಳಿ ಬೇಸರ ಪಟ್ಟುಕೊಂಡರು. ಮೂರು ಮಾತು ಕೇಳಿಕೊಂಡೆ. ಸದ್ಯಕ್ಕೆ ಒಬ್ಬಳನ್ನೇ ನಿಲ್ಲಿಸಿ ಓದಿಸಬೇಡಿ, ಜೋಡಿಯಲ್ಲಿ ಓದಲಿ. ಮನೆ ಮಾತು ಬಂದರೆ "ಹೌದು, ಅದೇ. ಕನ್ನಡದಲ್ಲಿ ಮೀನು" ಅನ್ನಿ. ಅಡ್ಡಹೆಸರು ಕಿವಿಗೆ ಬಿದ್ದರೆ ಅಲ್ಲೇ ನಿಲ್ಲಿಸಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ. ಅದನ್ನು ಎತ್ತುವ ಅಗತ್ಯವೇ ಬೀಳಲಿಲ್ಲ.

ನನ್ನಿಂದಲೂ ಒಂದು ತಪ್ಪಾಯಿತು. ಚೇತರಿಕೆ ಕಂಡು ಖುಷಿಯಲ್ಲಿ, ಆಗಸ್ಟ್ 15ಕ್ಕೆ ಗ್ರಂಥಾಲಯದಲ್ಲಿ ಒಂದು ಪದ್ಯ ಓದುತ್ತೀಯಾ ಅಂತ ಕೇಳಿದೆ. ಹೂಂ ಅಂದಳು. ಮೂರು ದಿನ ಹೊಟ್ಟೆನೋವು ಮರಳಿ ಬಂತು. ಅವಳ ಹತ್ತಿರ ಕ್ಷಮೆ ಕೇಳಿ ಅದನ್ನು ಕೈಬಿಟ್ಟೆವು. ವೇದಿಕೆ ಹತ್ತಿಸಿದರೆ ಧೈರ್ಯ ಬರುತ್ತದೆ ಅಂತ ನಾವು ದೊಡ್ಡವರು ಜಾಸ್ತಿ ನಂಬುತ್ತೇವೆ. ಹೆದರಿದ ಮಗುವಿಗೆ ವೇದಿಕೆ ಅಂದರೆ ಮತ್ತೆ ಅದೇ ತರಗತಿ.

ಗ್ರಂಥಾಲಯದಲ್ಲಿ ಅವಳ ಜಾಗ ಗಟ್ಟಿಯಾದದ್ದು ಅಜ್ಜಿಯಿಂದ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಅಪ್ಪ ಮನೆಯಲ್ಲೇ ಇದ್ದರು. ಜುಲೈ ಕೊನೆಯ ಶನಿವಾರ ಅವರೇ ಅಜ್ಜಿಯನ್ನು ಕರೆದುಕೊಂಡು ಬಂದರು. ಅಜ್ಜಿ ಹೇಳಿದ್ದು ರಂಪಣಿ ಬಲೆಯ ಕಾಲದ ಕತೆ. ದೋಣಿಯಲ್ಲಿ ಹೋಗಿ ಬಂಗಡೆಯ ಹಿಂಡಿನ ಸುತ್ತ ಬಲೆ ಬಿಡುವುದು, ದಡದಲ್ಲಿ ಊರಿಗೆ ಊರೇ ನಿಂತು ಎರಡೂ ಕಡೆಯ ಹಗ್ಗ ಎಳೆಯುವುದು. ಹಗ್ಗ ಹಿಡಿದವರಿಗೆಲ್ಲ ಪಾಲು. 1970ರ ದಶಕದ ಕೊನೆಯಲ್ಲಿ, ಸಮುದ್ರದಲ್ಲೇ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು.

ಅಜ್ಜಿಗೆ ಬರುವುದು ಕೊಂಕಣಿ ಮಾತ್ರ. ಕೂತಿದ್ದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಅದು ತಿಳಿಯದು, ನೌಕರಿಗೆ ಬಂದ ಬೇರೆ ಊರಿನವರ ಮಕ್ಕಳು. "ಏನಂದ್ರು? ಏನಂದ್ರು?" ಅಂತ ಎಲ್ಲರೂ ಪುಟ್ಟಿಯ ಕಡೆಗೇ ತಿರುಗಿದರು. ಅವಳು ವಾಕ್ಯಕ್ಕೆ ವಾಕ್ಯ ಕನ್ನಡದಲ್ಲಿ ಹೇಳುತ್ತಾ ಹೋದಳಂತೆ. ಜೋರಾಗಿ, ಎದ್ದು ನಿಂತು. ಯಾರೂ ಹೇಳಿರಲಿಲ್ಲ. ಪದ್ಯದ ಮಾತು ಎತ್ತುವಾಗ ನನ್ನ ತಲೆಯಲ್ಲಿ ಇದೇ ಇತ್ತು. ಅಂದು ಅವಳು ಎದ್ದದ್ದು ಅಜ್ಜಿಯ ಮಾತು ದಾಟಿಸಲು, ತನ್ನನ್ನು ತೋರಿಸಿಕೊಳ್ಳಲು ಅಲ್ಲ. ಆ ವ್ಯತ್ಯಾಸ ನನಗೆ ತಡವಾಗಿ ತಿಳಿಯಿತು.

ಈಗ ಮಕ್ಕಳು ಆ ಕತೆಗಳನ್ನು ಬರೆದು, ದಾರದಿಂದ ಹೊಲಿದು ಪುಸ್ತಕ ಮಾಡುತ್ತಿದ್ದಾರೆ. ಕೊಂಕಣಿ ಪದ, ಎದುರಿಗೆ ಕನ್ನಡ ಪದ, ಎರಡೂ ಕನ್ನಡ ಲಿಪಿಯಲ್ಲಿ.

ಸೆಪ್ಟೆಂಬರ್ ತಿಂಗಳಲ್ಲಿ ಹೊಟ್ಟೆನೋವು ಬಂದದ್ದು ಎರಡೇ ಸಲ, ಒಂದು ಪರೀಕ್ಷೆಯ ದಿನ. ತರಗತಿಯಲ್ಲಿ ಜೋಡಿಯಲ್ಲಿ ಓದುತ್ತಾಳೆ, ಒಬ್ಬಳೇ ಇನ್ನೂ ಇಲ್ಲ. ಅವಸರ ಬೇಡ ಅಂತ ತಾಯಿಗೆ ಹೇಳಿದ್ದೇನೆ. ಕಳೆದ ಸಲ ಬಂದಾಗ ಆ ಪುಸ್ತಕದ ಒಂದು ಹಾಳೆ ತಂದಿದ್ದಳು. ಮೊದಲು 'ನುಸತೆ' ಅಂತ ಬರೆದು, ಹೊಡೆದು ಹಾಕಿ, ಪಕ್ಕದಲ್ಲಿ ದಪ್ಪಗೆ 'ನುಸ್ತೆ' ಅಂತ ತಿದ್ದಿದ್ದಳು.

"ಸಕ್ಕೆ ತ ಒತ್ತು, ಅಲ್ವಾ ಮೇಡಂ?"

ಹೌದು ಅಂದೆ. ಮುಂದಿನ ಭೇಟಿ ದೀಪಾವಳಿ ಕಳೆದ ಮೇಲೆ.